ಸಾಕುಪ್ರಾಣಿಗಳ ಮೈ ಆರೈಕೆ: ಮನೆಯಲ್ಲಿಯೇ ಅನುಸರಿಸಬಹುದಾದ ಕ್ರಮಗಳು

ಠಾಣೆ ನಗರದ ಮಾಜಿವಾಡೆಯಿಂದ ಹೊರಟು ಮಾನ್ಪಾಡಾ, ವಾಘಬೀಳ್, ಕಾಸಾರವಡವಲಿ, ಗಾಯಮುಖಗಳನ್ನು ಹಾದು ಸಾಗುವ ಘೋಡಬಂದರ್ ರಸ್ತೆಯ ಒಂದು ಮಗ್ಗುಲಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಯೇವೂರು ಗುಡ್ಡಗಳಿವೆ. ಇನ್ನೊಂದು ಮಗ್ಗುಲಿಗೆ ಉಲ್ಲಾಸ ನದಿ ಕಡಲನ್ನು ಸೇರುವ ಖಾರಿಯಿದೆ. ಇವೆರಡರ ನಡುವಣ ಪಟ್ಟಿಯಲ್ಲಿ ಕೆಲವು ದಶಕಗಳಿಂದೀಚೆಗೆ ಬಹುಮಹಡಿ ವಸತಿ ಸಂಕೀರ್ಣಗಳು ಸಾಲುಸಾಲಾಗಿ ಎದ್ದಿವೆ. ಮುಂಬಯಿಯಲ್ಲಿ ದುಡಿಯುವ ಅನೇಕ ಕನ್ನಡ ಕುಟುಂಬಗಳೂ ಇಲ್ಲಿ ನೆಲೆಸಿವೆ. ಊರಿನಲ್ಲಿ ಅಂಗಳ, ಹಿತ್ತಿಲು, ಕೊಟ್ಟಿಗೆಗಳ ನಡುವೆ ನಾಯಿ ಬೆಕ್ಕುಗಳನ್ನು ಕಂಡು ಬೆಳೆದವರು ಇಲ್ಲಿ ಹತ್ತನೆಯ ಮಹಡಿಯ ಎರಡು ಕೋಣೆಗಳಲ್ಲಿ ಅವುಗಳನ್ನು ಸಾಕುತ್ತಿದ್ದಾರೆ. ಅಂಗಳದಲ್ಲಿ ತನ್ನಷ್ಟಕ್ಕೆ ನಡೆದುಹೋಗುತ್ತಿದ್ದ ಎಷ್ಟೋ ಕಾರ್ಯಗಳನ್ನು ಇಲ್ಲಿ ಮನುಷ್ಯನೇ ಮಾಡಬೇಕಾಗಿದೆ. ನೆಲದ ಮೇಲೆ ಓಡಾಡಿ ಸವೆಯುತ್ತಿದ್ದ ಉಗುರು ನುಣುಪಾದ ಹಾಸುಗಲ್ಲಿನ ಮೇಲೆ ಸವೆಯದು; ಬಿಸಿಲಿನಲ್ಲಿ ಆರುತ್ತಿದ್ದ ಮೈ ಮುಚ್ಚಿದ ಕೋಣೆಯಲ್ಲಿ ಆರದು.

ಈ ಕಾರಣದಿಂದ ಸಾಕುಪ್ರಾಣಿಗಳ ಮೈ ಆರೈಕೆಯನ್ನು ಮನೆಯಲ್ಲಿಯೇ ಮಾಡುವ ಸರಿಯಾದ ಕ್ರಮವನ್ನು ತಿಳಿಯುವುದು ಅಗತ್ಯವಾಗಿದೆ. ಇದು ಅಲಂಕಾರದ ವಿಷಯವಲ್ಲ. ಪ್ರಾಣಿಯ ಪ್ರಾಣ, ಮನೆಮಂದಿಯ ಆರೋಗ್ಯ ಹಾಗೂ ನೆರೆಹೊರೆಯ ಸೌಹಾರ್ದ ಈ ಮೂರೂ ಇದನ್ನು ಅವಲಂಬಿಸಿವೆ.

ನಮ್ಮ ಪರಂಪರೆಯಲ್ಲಿ ಆರೈಕೆ

ಅರಬ್ಬೀ ವ್ಯಾಪಾರಿಗಳು ತಂದ ಕುದುರೆಗಳನ್ನು ಇಳಿಸುತ್ತಿದ್ದ ಬಂದರಾದ್ದರಿಂದ ಈ ಪ್ರದೇಶಕ್ಕೆ ಘೋಡಬಂದರ್ ಎಂಬ ಹೆಸರು ಬಂದಿತೆಂದು ಹೇಳಲಾಗುತ್ತದೆ. ಕಡಲನ್ನು ದಾಟಿ ಬಂದ ಕುದುರೆ ಲಾಯದಲ್ಲಿ ಬದುಕಿ ಉಳಿಯಬೇಕಾದರೆ ಪ್ರತಿನಿತ್ಯ ಅದರ ಮೈಯುಜ್ಜಿ, ಗೊರಸು ನೋಡಿ, ಗಾಯವಿದೆಯೇ ಎಂದು ಪರೀಕ್ಷಿಸಬೇಕಾಗಿತ್ತು. ಕನ್ನಡದಲ್ಲಿ ಈ ಕೆಲಸಕ್ಕೆ ‘ಮಾಲೀಸು’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಕುದುರೆಯ ಮಾಲೀಸು ಅದರ ಅಂದಕ್ಕಿಂತ ಹೆಚ್ಚಾಗಿ ಆರೋಗ್ಯಕ್ಕಾಗಿ ನಡೆಯುತ್ತಿತ್ತು ಎಂಬುದನ್ನು ಗಮನಿಸಬೇಕು.

ಪ್ರಾಣಿಗಳ ಪಾಲನೆಯ ವಿಷಯದಲ್ಲಿ ಕನ್ನಡ ನಾಡಿನ ಅನುಭವ ಹಳೆಯದು. ಹನ್ನೆರಡನೆಯ ಶತಮಾನದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ರಚಿಸಿದ ‘ಗೋವೈದ್ಯ’ ಕನ್ನಡದಲ್ಲಿ ಪಶುವೈದ್ಯವನ್ನು ಕುರಿತ ಪ್ರಾಚೀನ ಗ್ರಂಥ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆಂದೇ ಒಂದು ಭಾಗ ಮೀಸಲಾಗಿದೆ. ಇವೆಲ್ಲಕ್ಕಿಂತ ಹಿಂದೆ, ಹತ್ತನೆಯ ಶತಮಾನದ ನಡುವಿನಲ್ಲಿ, ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಅದರ ಒಡೆಯ ಮಣಲೇರನು ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ದತ್ತಿ ಬಿಟ್ಟನು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನವನ್ನು ಇಂದೂ ನೋಡಬಹುದು. ತನ್ನನ್ನು ನಂಬಿದ ಮೂಕಪ್ರಾಣಿಯ ಋಣವನ್ನು ಮನುಷ್ಯನು ಮರೆಯಬಾರದೆಂಬ ಭಾವನೆ ನಮಗೆ ಹೊರಗಿನಿಂದ ಬಂದುದಲ್ಲ.

ಆರೈಕೆ ಎಂದರೇನು?

ಮೈ ಆರೈಕೆಯೆಂದರೆ ಕೂದಲು ಬಾಚುವುದು, ಸ್ನಾನ ಮಾಡಿಸುವುದು, ಕಿವಿ, ಕಣ್ಣು, ಹಲ್ಲುಗಳನ್ನು ಶುಚಿಯಾಗಿಡುವುದು, ಉಗುರು ಕತ್ತರಿಸುವುದು ಮತ್ತು ಉಣ್ಣಿ, ಚಿಗಟಗಳನ್ನು ನಿವಾರಿಸುವುದು. ಇವೆಲ್ಲವನ್ನೂ ಒಳಗೊಂಡ ಇನ್ನೊಂದು ಕಾರ್ಯವಿದೆ, ಅದೇ ಪರೀಕ್ಷೆ. ಪ್ರಾಣಿ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಅನೇಕ ಪ್ರಾಣಿಗಳು, ವಿಶೇಷವಾಗಿ ಬೆಕ್ಕುಗಳು, ನೋವನ್ನು ಮರೆಮಾಚುವ ಸ್ವಭಾವದವು. ರೋಗ ಮುಂದುವರಿದು ಆಹಾರ ಬಿಟ್ಟಾಗಲೇ ಮನೆಯವರಿಗೆ ಅದು ತಿಳಿಯುತ್ತದೆ. ಪ್ರತಿನಿತ್ಯ ಮೈಮೇಲೆ ಆಡುವ ಕೈಗೆ ಮಾತ್ರ ನಿನ್ನೆ ಇಲ್ಲದ ಗಂಟು, ಬಿಸಿಯಾದ ಕಿವಿ, ಕೂದಲಿನ ಅಡಿಯ ಹುಣ್ಣು ಇವು ಮೊದಲೇ ತಿಳಿದುಬರುತ್ತವೆ. ಆದುದರಿಂದ ಬಾಚಣಿಗೆ ಹಿಡಿದ ಮನೆಯವರೇ ಪ್ರಾಣಿಯ ಮೊದಲ ವೈದ್ಯರು ಎನ್ನಬಹುದು.

ಪರೀಕ್ಷೆಯ ಕ್ರಮ ಸರಳವಾಗಿದೆ. ಮೂಗಿನಿಂದ ಪ್ರಾರಂಭಿಸಿ ಬಾಲದ ತುದಿಯವರೆಗೆ ಎರಡೂ ಕೈಗಳಿಂದ ಮೈಯನ್ನು ನಿಧಾನವಾಗಿ ಸವರಬೇಕು. ತುಟಿಯನ್ನು ಮೇಲೆತ್ತಿ ವಸಡಿನ ಬಣ್ಣವನ್ನು ನೋಡಬೇಕು. ಆರೋಗ್ಯವಂತ ನಾಯಿಯ ವಸಡು ಸಾಮಾನ್ಯವಾಗಿ ನಸುಗೆಂಪಾಗಿರುತ್ತದೆ; ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗ ಸುಮಾರು ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಾಗಿರುವುದುಂಟು. ಅಂಥವುಗಳ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕು. ವಸಡು ಬಿಳಿಚಿಕೊಂಡಿದ್ದರೆ ರಕ್ತಹೀನತೆಯನ್ನೂ, ಹಳದಿಯಾಗಿದ್ದರೆ ಕಾಮಾಲೆಯನ್ನೂ ಶಂಕಿಸಿ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ನಾಯಿಯ ಸಹಜ ದೇಹೋಷ್ಣ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಅದರ ಮೈ ನಮ್ಮ ಕೈಗೆ ಸ್ವಲ್ಪ ಬಿಸಿಯಾಗಿ ತೋರುವುದು ಸಹಜ.

ಕೂದಲು ಬಾಚುವುದು

ಬಾಚುವುದರಿಂದ ಉದುರುವ ಕೂದಲು, ಹೊಟ್ಟು, ಧೂಳುಗಳು ಹೊರಬೀಳುತ್ತವೆ; ಚರ್ಮದ ಸಹಜ ಜಿಡ್ಡು ಕೂದಲಿನ ಉದ್ದಕ್ಕೂ ಹರಡುತ್ತದೆ. ಮುಧೋಳ ನಾಯಿ, ನಮ್ಮ ಬೀದಿಗಳ ದೇಶೀ ನಾಯಿ, ಲ್ಯಾಬ್ರಡಾರ್ ಮುಂತಾದ ಗಿಡ್ಡ ಕೂದಲಿನ ನಾಯಿಗಳನ್ನು ವಾರಕ್ಕೆ ಎರಡು ಮೂರು ಬಾರಿ ರಬ್ಬರಿನ ಬ್ರಷ್ಷಿನಿಂದಾಗಲಿ ಒರಟು ಬಟ್ಟೆಯಿಂದಾಗಲಿ ಉಜ್ಜಿದರೆ ಸಾಕು. ಪೊಮೆರೇನಿಯನ್, ಶಿ ತ್ಸು, ಗೋಲ್ಡನ್ ರಿಟ್ರೀವರ್ ಹಾಗೂ ಪರ್ಷಿಯನ್ ಬೆಕ್ಕುಗಳಂಥ ಉದ್ದ ಕೂದಲಿನ ಪ್ರಾಣಿಗಳನ್ನು ಪ್ರತಿದಿನವೂ ಬಾಚಬೇಕು. ಕೂದಲು ಬೆಳೆದಿರುವ ದಿಕ್ಕಿನಲ್ಲಿಯೇ ಬಾಚಬೇಕು. ಕಿವಿಯ ಹಿಂಭಾಗ, ಕಂಕುಳು, ತೊಡೆಸಂದು ಹಾಗೂ ಬಾಲದ ಬುಡಗಳಲ್ಲಿ ಕೂದಲು ಗಂಟುಕಟ್ಟುವುದು ಹೆಚ್ಚು. ಅಂತಹ ಗಂಟನ್ನು ತುದಿಯಿಂದ ಬಿಡಿಸುತ್ತ ಬುಡದ ಕಡೆಗೆ ಬರಬೇಕೇ ಹೊರತು ಬುಡದಿಂದ ಎಳೆಯಬಾರದು. ಗಂಟಿನ ಕೆಳಗೆ ಕತ್ತರಿ ತೂರಿಸಿ ಕತ್ತರಿಸುವಾಗ ತೆಳುವಾದ ಚರ್ಮವೂ ಕತ್ತರಿಸಿಹೋಗುವ ಅಪಾಯವಿದೆ.

ಬೇಸಿಗೆಯಲ್ಲಿ ತಂಪಾಗಿರಲಿ ಎಂದು ನಾಯಿಯ ಕೂದಲನ್ನು ನುಣ್ಣಗೆ ಬೋಳಿಸುವ ರೂಢಿ ಕೆಲವೆಡೆ ಇದೆ. ಇದು ಸರಿಯಲ್ಲ. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರುಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ಬಾಯಿತೆರೆದು ಏದುಸಿರು ಬಿಡುವುದರಿಂದಲೇ ಅದು ದೇಹವನ್ನು ತಂಪಾಗಿಸಿಕೊಳ್ಳುತ್ತದೆ. ಎರಡು ಪದರದ ಕೂದಲು ಬಿಸಿಲಿನ ಝಳವನ್ನು ತಡೆಯುವ ಹೊದಿಕೆಯೂ ಹೌದು. ಅದನ್ನು ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ. ಮತ್ತೆ ಬೆಳೆಯುವ ಕೂದಲು ಮೊದಲಿನಂತೆ ಇರುವುದೆಂಬ ಭರವಸೆಯೂ ಇಲ್ಲ. ಚೆನ್ನಾಗಿ ಬಾಚಿ ಒಳಪದರದ ಸತ್ತ ಕೂದಲನ್ನು ತೆಗೆಯುವುದೇ ಸರಿಯಾದ ಉಪಾಯ.

ಪ್ರಾಣಿಯನ್ನು ಕೊಳ್ಳುವ ಮುನ್ನವೇ ಯೋಚಿಸಬೇಕಾದ ಅಂಶವೊಂದು ಇಲ್ಲಿದೆ. ಹಿಮಪ್ರದೇಶದ ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್ ತಳಿಗಳು ಕೊಂಕಣ ತೀರದ ತೇವ ತುಂಬಿದ ಸೆಖೆಗೆ ಹೇಳಿದವಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನಮ್ಮ ಹವೆಗೆ ಒಗ್ಗಿದ, ಗಿಡ್ಡ ಕೂದಲಿನ, ಕಡಿಮೆ ಆರೈಕೆಯನ್ನು ಬೇಡುವ ತಳಿ. ಇದರ ಗೌರವಾರ್ಥ ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯನ್ನು ಹೊರತಂದಿತು. ಆದರೆ ಓಟಕ್ಕೆಂದೇ ಹುಟ್ಟಿದ ಈ ನಾಯಿಗೆ ಪ್ರತಿನಿತ್ಯ ವಿಸ್ತಾರವಾದ ಬಯಲು ಬೇಕೆಂಬುದನ್ನು ಮರೆಯಬಾರದು. ಆರೈಕೆ ಸುಲಭವಾಗಿ ಸಾಧ್ಯವಾಗುವ, ದೃಢಕಾಯದ ಪ್ರಾಣಿ ಬೇಕೆನ್ನುವವರು ಆಸರೆಯಿಲ್ಲದ ದೇಶೀ ನಾಯಿಮರಿಯನ್ನು ತಂದು ಸಾಕುವುದು ಎಲ್ಲ ದೃಷ್ಟಿಯಿಂದಲೂ ಉತ್ತಮ.

ಸ್ನಾನ

ಸಾಮಾನ್ಯವಾಗಿ ನಾಯಿಗೆ ತಿಂಗಳಿಗೊಮ್ಮೆ ಸ್ನಾನ ಸಾಕು. ಪದೇ ಪದೇ ಸ್ನಾನ ಮಾಡಿಸಿದರೆ ಚರ್ಮವನ್ನು ರಕ್ಷಿಸುವ ಜಿಡ್ಡು ತೊಳೆದುಹೋಗಿ ನವೆ ಪ್ರಾರಂಭವಾಗುತ್ತದೆ. ನಾಯಿಯ ಚರ್ಮದ ಹೊರಪದರ ಮನುಷ್ಯರದಕ್ಕಿಂತ ತೆಳುವಾದುದು. ಮನುಷ್ಯರ ಚರ್ಮ ಆಮ್ಲೀಯವಾಗಿದ್ದರೆ ನಾಯಿಯ ಚರ್ಮ ತಟಸ್ಥ ಗುಣಕ್ಕೆ ಹತ್ತಿರವಾದುದು. ಆದಕಾರಣ ನಾವು ಬಳಸುವ ಸಾಬೂನು, ಬಟ್ಟೆ ಒಗೆಯುವ ಸಾಬೂನು, ತಲೆಗೆ ಹಾಕುವ ಶಾಂಪೂಗಳನ್ನು ನಾಯಿಗೆ ಬಳಸಬಾರದು. ನಾಯಿಗಳಿಗೆಂದೇ ತಯಾರಿಸಿದ ಶಾಂಪೂ ಬಳಸಬೇಕು. ಎರಡು ತಿಂಗಳು ತುಂಬದ ಮರಿಗಳಿಗೆ ಸ್ನಾನ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಿದರೆ ಸಾಕು.

ಸ್ನಾನಕ್ಕೆ ಮೊದಲು ಕೂದಲನ್ನು ಬಾಚಬೇಕು; ಏಕೆಂದರೆ ಗಂಟು ಒದ್ದೆಯಾದರೆ ಇನ್ನೂ ಬಿಗಿಯಾಗುತ್ತದೆ. ಸ್ನಾನದ ಮನೆಯ ನೆಲದಲ್ಲಿ ರಬ್ಬರಿನ ಹಾಸನ್ನೋ ಹಳೆಯ ಗೋಣಿಯನ್ನೋ ಹಾಸಿದರೆ ಕಾಲು ಜಾರುವುದಿಲ್ಲ. ನೀರು ಉಗುರುಬೆಚ್ಚಗಿರಬೇಕು. ಕುತ್ತಿಗೆಯಿಂದ ಹಿಂದಕ್ಕೆ ನೀರು ಹಾಕಬೇಕು. ಮುಖವನ್ನು ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಕು. ಕಿವಿಯೊಳಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ವೈದ್ಯರು ಔಷಧಯುಕ್ತ ಶಾಂಪೂ ಸೂಚಿಸಿದ್ದರೆ ಅದು ಚರ್ಮದ ಮೇಲೆ ಸುಮಾರು ಹತ್ತು ನಿಮಿಷ ಇರಬೇಕಾಗುತ್ತದೆ. ಹಚ್ಚಿದ ಕ್ಷಣವೇ ತೊಳೆದರೆ ಔಷಧ ವ್ಯರ್ಥ. ಕೊನೆಗೆ ಶಾಂಪೂವಿನ ಅಂಶ ಎಲ್ಲಿಯೂ ಉಳಿಯದಂತೆ ತೊಳೆಯಬೇಕು.

ಘೋಡಬಂದರ್ ರಸ್ತೆಯ ಪ್ರದೇಶದಲ್ಲಿ ಸ್ನಾನಕ್ಕಿಂತಲೂ ಮುಖ್ಯವಾದುದು ಒಣಗಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಒಗೆದ ಬಟ್ಟೆಯೇ ಎರಡು ದಿನ ಆರದ ಆ ಕಾಲದಲ್ಲಿ ದಟ್ಟ ಕೂದಲಿನ ಬುಡ ತಾನಾಗಿ ಆರುವುದು ಹೇಗೆ? ಹಾಗೆ ಉಳಿದ ತೇವದಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಬೆಳೆದು ಕೂದಲು ಉದುರುತ್ತದೆ. ದುರ್ವಾಸನೆ, ಕೆಂಪು ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಸ್ನಾನವನ್ನು ಕಡಿಮೆ ಮಾಡಿ ಒಣ ಬಟ್ಟೆಯಿಂದ ಉಜ್ಜುವುದು, ಬಾಚುವುದು ಮೇಲು. ಸ್ನಾನ ಮಾಡಿಸಿದರೆ ಹೀರುವ ಬಟ್ಟೆಯಿಂದ ಒತ್ತಿ, ಫ್ಯಾನಿನ ಗಾಳಿಗೆ ಬಿಡಬೇಕು. ಕೂದಲು ಒಣಗಿಸುವ ಯಂತ್ರವನ್ನು ಬಳಸುವುದಾದರೆ ಬಿಸಿ ಕಡಿಮೆಯಿಟ್ಟು ದೂರದಿಂದ ಬೀಸಬೇಕು. ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟವೇ ಪ್ರಯಾಸವಾದುದರಿಂದ ಬಿಸಿಗಾಳಿಯಿಂದ ಪ್ರಾಣಾಪಾಯವಾಗಬಹುದು. ಇವುಗಳ ಮುಖದ ಸುಕ್ಕುಗಳ ನಡುವೆ ಪ್ರತಿದಿನವೂ ಒರೆಸಿ ಒಣಗಿಸಬೇಕು.

ಕಿವಿ, ಕಣ್ಣು, ಹಲ್ಲು

ನಾಯಿಯ ಕಿವಿಯ ನಾಳವು ಮೊದಲು ಕೆಳಕ್ಕೆ ಇಳಿದು ಬಳಿಕ ಒಳಕ್ಕೆ ತಿರುಗುವುದರಿಂದ ಅದರಲ್ಲಿ ಸೇರಿದ ನೀರು, ಕೊಳೆ ಸುಲಭವಾಗಿ ಹೊರಬಾರದು. ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್‌ಗಳ ಜೋಲುಕಿವಿಗೆ ಗಾಳಿಯೂ ಆಡದು. ವಾರಕ್ಕೊಮ್ಮೆ ಕಿವಿಯನ್ನು ಮೇಲೆತ್ತಿ ನೋಡಿ, ವೈದ್ಯರು ಸೂಚಿಸಿದ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಕಣ್ಣಿಗೆ ಕಾಣುವಷ್ಟು ಭಾಗವನ್ನು ಮಾತ್ರ ಒರೆಸಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಒಳಗೆ ಹಾಕಿದರೆ ಕೊಳೆ ಇನ್ನಷ್ಟು ಒಳಗೆ ಹೋಗುತ್ತದೆ, ಕಿವಿತಮಟೆ ಹರಿಯಲೂಬಹುದು. ಬಿಸಿ ಮಾಡಿದ ಎಣ್ಣೆ ಬಿಡುವುದೂ ಬೇಡ. ನಾಯಿ ಪದೇ ಪದೇ ತಲೆ ಕೊಡವುತ್ತಿದ್ದರೆ, ಕಿವಿಯಿಂದ ವಾಸನೆ ಅಥವಾ ಕಂದು ಸ್ರಾವ ಬರುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಅಲಕ್ಷ್ಯ ಮಾಡಿದರೆ ಕೊಡವಿ ಕೊಡವಿ ಕಿವಿಯ ರಕ್ತನಾಳ ಒಡೆದು ಕಿವಿ ಊದಿಕೊಳ್ಳುವುದುಂಟು.

ಕಣ್ಣಿನ ಪಿಸಿರನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಬೇಕು. ಒಂದು ಕಣ್ಣಿಗೆ ಬಳಸಿದ ಹತ್ತಿಯನ್ನು ಇನ್ನೊಂದಕ್ಕೆ ಬಳಸಬಾರದು. ಹಲ್ಲುಗಳನ್ನು ಮೃದುವಾದ ಬ್ರಷ್ಷಿನಿಂದ ಅಥವಾ ಬೆರಳಿಗೆ ಸುತ್ತಿದ ಬಟ್ಟೆಯಿಂದ ಉಜ್ಜಬಹುದು. ಪ್ರಾಣಿಗೆ ಉಗುಳಲು ಬಾರದು. ನಮ್ಮ ಟೂತ್‌ಪೇಸ್ಟಿನಲ್ಲಿರುವ ಫ್ಲೋರೈಡ್ ಹಾಗೂ ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಪದಾರ್ಥ ನಾಯಿಗೆ ವಿಷಕಾರಿ. ಆದುದರಿಂದ ಪ್ರಾಣಿಗಳಿಗೆಂದೇ ಮಾಡಿದ ಪೇಸ್ಟನ್ನೇ ಬಳಸಬೇಕು.

ಉಗುರು ಮತ್ತು ಪಾದ

ಉಗುರಿನೊಳಗೆ ರಕ್ತನಾಳ ಹಾಗೂ ನರಗಳಿರುವ ಜೀವಭಾಗವಿದೆ. ಬಿಳಿಯ ಉಗುರಿನಲ್ಲಿ ಇದು ನಸುಗೆಂಪಾಗಿ ಕಾಣುತ್ತದೆ. ಅದರ ಮುಂದಿನ ತುದಿಯನ್ನು ಮಾತ್ರ ಕತ್ತರಿಸಬೇಕು. ಕಪ್ಪು ಉಗುರಿನಲ್ಲಿ ಇದು ಕಾಣದು. ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತ ಹೋಗಿ, ಕತ್ತರಿಸಿದ ತುದಿಯ ನಡುವೆ ಕಪ್ಪು ಚುಕ್ಕೆ ಕಂಡಕೂಡಲೆ ನಿಲ್ಲಿಸಬೇಕು. ಅಕಸ್ಮಾತ್ ರಕ್ತ ಬಂದರೆ ಪಟಿಕದ ಪುಡಿಯನ್ನೋ ಮೆಕ್ಕೆಜೋಳದ ಹಿಟ್ಟನ್ನೋ ಒತ್ತಿ ಹಿಡಿದರೆ ನಿಲ್ಲುತ್ತದೆ. ಕಾಲಿನ ಒಳಭಾಗದಲ್ಲಿ ನೆಲಕ್ಕೆ ತಾಗದಿರುವ ಐದನೆಯ ಉಗುರನ್ನು ಮರೆಯಬಾರದು; ಅದು ಬಾಗಿ ಬೆಳೆದು ಮಾಂಸದೊಳಗೆ ಹೊಕ್ಕುಬಿಡುತ್ತದೆ. ಮಹಡಿಮನೆಗಳ ನಾಯಿಗಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಉಗುರು ನೋಡಬೇಕಾಗುತ್ತದೆ. ನುಣುಪಾದ ನೆಲದ ಮೇಲೆ ನಡೆಯುವಾಗ ಟಕಟಕ ಸದ್ದು ಕೇಳಿದರೆ ಉಗುರು ಬೆಳೆದಿದೆಯೆಂದೇ ಅರ್ಥ.

ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆ ಅಂಗಾಲನ್ನು ಸುಡುತ್ತದೆ. ನಮ್ಮ ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ನಡೆಸಬಾರದು. ಮಳೆಗಾಲದಲ್ಲಿ ನಿಂತ ನೀರಿನ ಅಪಾಯ ಬೇರೆ ಬಗೆಯದು. ಇಲಿಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ನಾಯಿಗೂ ಮನುಷ್ಯನಿಗೂ ತಗಲುತ್ತದೆ. 2005ರ ಜುಲೈ 26ರ ಮಹಾಮಳೆಯ ಬಳಿಕ ಮುಂಬಯಿಯಲ್ಲಿ ಈ ರೋಗ ಹಬ್ಬಿದುದನ್ನು ಅನೇಕರು ಮರೆತಿರಲಾರರು. ಹೊರಗಿನಿಂದ ಬಂದೊಡನೆ ನಾಲ್ಕೂ ಪಾದಗಳನ್ನು ತೊಳೆದು, ಬೆರಳುಗಳ ನಡುವೆ ಒಣಗಿಸಿ, ನಮ್ಮ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು. ಈ ರೋಗಕ್ಕೆ ನಾಯಿಗಳಿಗೆ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು.

ಉಣ್ಣಿಯ ಬಾಧೆ

ಮೈ ಆರೈಕೆಯಲ್ಲಿ ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದ ವಿಷಯವೆಂದರೆ ಉಣ್ಣಿ. ನಾಯಿಯ ಕಂದು ಉಣ್ಣಿಯು ಎರ್ಲಿಕಿಯೋಸಿಸ್, ಬಬೇಸಿಯೋಸಿಸ್ ಎಂಬ ಜ್ವರಗಳನ್ನು ಹರಡುತ್ತದೆ. ಜ್ವರ, ಆಹಾರದಲ್ಲಿ ಅರುಚಿ, ಮಂಕುತನ, ಬಿಳಿಚಿದ ವಸಡು, ಮೂಗಿನಿಂದ ರಕ್ತ, ಕಂದು ಬಣ್ಣದ ಮೂತ್ರ ಇವು ಲಕ್ಷಣಗಳು. ಮೊದಲೇ ಪತ್ತೆಯಾದರೆ ಔಷಧವಿದೆ. ತಡವಾದರೆ ನಾಯಿ ಉಳಿಯುವುದು ಕಷ್ಟ. ‘ಎರಡು ದಿನದಿಂದ ಊಟ ಬಿಟ್ಟಿದೆ, ಬಿಸಿಲಿಗಿರಬಹುದು’ ಎಂದು ಮನೆಯವರು ಕಾಯುವ ಆ ಎರಡು ದಿನಗಳೇ ಅನೇಕ ಬಾರಿ ನಿರ್ಣಾಯಕವಾಗುತ್ತವೆ. ಇದೇ ಉಣ್ಣಿಯಿಂದ ಮನುಷ್ಯರಿಗೂ ಒಂದು ಬಗೆಯ ಚುಕ್ಕೆಜ್ವರ ಬರಬಹುದು. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೊಂದು ಜಾತಿಯ ಉಣ್ಣಿ. ರಜೆಯಲ್ಲಿ ಮಲೆನಾಡಿಗೆ ನಾಯಿಯನ್ನು ಕರೆದೊಯ್ಯುವವರು ಕಾಡಿನ ಬದಿಯಿಂದ ಬಂದಮೇಲೆ ಅದರ ಮೈಯನ್ನೂ ತಮ್ಮ ಮೈಯನ್ನೂ ಪರೀಕ್ಷಿಸುವುದು ಕ್ಷೇಮ.

ಉಣ್ಣಿಗಳು ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ, ಕಂಕುಳಲ್ಲಿ ಹಾಗೂ ಬಾಲದ ಬುಡದಲ್ಲಿ ಅಂಟಿಕೊಳ್ಳುತ್ತವೆ. ಅದನ್ನು ತೆಗೆಯಲು ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ಒಂದೇ ಸಮನಾಗಿ ನೇರಕ್ಕೆ ಎಳೆಯಬೇಕು. ತೆಗೆದ ಉಣ್ಣಿಯನ್ನು ಬೆರಳುಗಳಿಂದ ಹಿಸುಕಬಾರದು, ಸ್ಪಿರಿಟ್ಟಿನಲ್ಲಿ ಹಾಕಬೇಕು. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಫಿನಾಯಿಲ್ ಸವರುವುದು, ಬೆಳೆಗೆ ಹೊಡೆಯುವ ಕೀಟನಾಶಕವನ್ನು ಮೈಗೆ ಹಾಕುವುದು ಇವೆಲ್ಲ ಅಪಾಯಕರ. ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುವುದರಿಂದ ಮೈಗೆ ಹಚ್ಚಿದ ವಿಷ ಹೊಟ್ಟೆಗೂ ಹೋಗುತ್ತದೆ.

ಮೈಮೇಲಿನ ಉಣ್ಣಿಗಳನ್ನೆಲ್ಲ ತೆಗೆದರೂ ವಾರ ಕಳೆಯುವುದರೊಳಗೆ ಮತ್ತೆ ಕಾಣಿಸುವುದೇಕೆ? ಉಣ್ಣಿಯು ತನ್ನ ಜೀವಿತದ ಹೆಚ್ಚಿನ ಭಾಗವನ್ನು ನಾಯಿಯ ಮೈಮೇಲಲ್ಲ, ಮನೆಯಲ್ಲಿ ಕಳೆಯುತ್ತದೆ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು, ಗೋಡೆಯ ಬಿರುಕು, ಬಾಗಿಲಿನ ಚೌಕಟ್ಟು, ಹಾಸಿಗೆಯ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಅವುಗಳಿಂದ ಹೊರಬಂದ ಮರಿಗಳು ಬೆಳೆಯುವ ಪ್ರತಿ ಹಂತದಲ್ಲಿಯೂ ನಾಯಿಯ ಮೈಯೇರಿ ರಕ್ತ ಹೀರಿ ಮತ್ತೆ ಕೆಳಗಿಳಿಯುತ್ತವೆ. ಬೆಳೆದ ಉಣ್ಣಿ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ನಾಯಿಗೆ ಔಷಧ ಹಾಕಿದ ದಿನವೇ ಅದರ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು, ಗೋಡೆಯ ಸಂದುಗಳನ್ನು ಶುಚಿಮಾಡಿ, ಬಿರುಕುಗಳನ್ನು ಮುಚ್ಚಬೇಕು. ಕೊರಳಪಟ್ಟಿ, ಬೆನ್ನಿಗೆ ಬಿಡುವ ಹನಿ, ನುಂಗಿಸುವ ಮಾತ್ರೆ ಈ ಮೂರು ರೂಪಗಳಲ್ಲಿ ಉಣ್ಣಿನಾಶಕಗಳು ದೊರೆಯುತ್ತವೆ. ಪ್ರಾಣಿಯ ತೂಕ ಹಾಗೂ ವಯಸ್ಸಿಗೆ ತಕ್ಕುದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಬೆಕ್ಕು ಚಿಕ್ಕ ನಾಯಿಯಲ್ಲ

ನಾಯಿಗೆ ತಂದ ಔಷಧವನ್ನು ಸ್ವಲ್ಪ ಕಡಿಮೆ ಮಾಡಿ ಬೆಕ್ಕಿಗೂ ಹಾಕುವ ತಪ್ಪು ಅನೇಕ ಬೆಕ್ಕುಗಳ ಪ್ರಾಣ ತೆಗೆದಿದೆ. ನಾಯಿಗಳ ಉಣ್ಣಿನಾಶಕಗಳಲ್ಲಿ ಬಳಸುವ ಪರ್ಮೆಥ್ರಿನ್ ಎಂಬ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಕಷ್ಟಿಲ್ಲ. ನಡುಕ, ಸೆಳವುಗಳುಂಟಾಗಿ ಅದು ಸಾಯಬಹುದು. ಫಿನಾಯಿಲ್‌ನಿಂದ ಒರೆಸಿದ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೂ ಬೆಕ್ಕಿಗೆ ಕೇಡು. ಜ್ವರಕ್ಕೆಂದು ಮನುಷ್ಯರು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಪ್ರಾಣಕ್ಕೆ ಎರವಾಗಲು.

ಬೆಕ್ಕು ತನ್ನ ಒರಟು ನಾಲಿಗೆಯಿಂದ ತಾನೇ ಮೈ ಶುಚಿಮಾಡಿಕೊಳ್ಳುವುದರಿಂದ ಅದಕ್ಕೆ ಸ್ನಾನದ ಅಗತ್ಯ ಅಪರೂಪ. ಹೀಗೆ ನೆಕ್ಕುವಾಗ ಹೊಟ್ಟೆಗೆ ಹೋದ ಕೂದಲು ಉಂಡೆಗಟ್ಟುತ್ತದೆ. ಬಾಚುವುದರಿಂದ ಇದನ್ನು ತಡೆಯಬಹುದು. ಬೆಕ್ಕು ಮೈ ನೆಕ್ಕುವುದನ್ನೇ ನಿಲ್ಲಿಸಿ ಕೂದಲು ಒರಟಾಗಿ ಕಂಡರೆ ಅದು ರೋಗದ ಸೂಚನೆ. ಉಗುರು ಕತ್ತರಿಸುವಾಗ ಪಾದವನ್ನು ಮೃದುವಾಗಿ ಒತ್ತಿದರೆ ಒಳಗಿರುವ ಉಗುರು ಹೊರಬರುತ್ತದೆ; ಮೊನೆಯನ್ನು ಮಾತ್ರ ಕತ್ತರಿಸಬೇಕು. ಬೆಕ್ಕಿನ ಮಲದ ತಟ್ಟೆಯನ್ನು ಪ್ರತಿದಿನ ಶುಚಿಗೊಳಿಸಬೇಕು. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯಿಂದ ಗರ್ಭಸ್ಥ ಶಿಶುವಿಗೆ ಅಪಾಯವಿರುವುದರಿಂದ ಗರ್ಭಿಣಿಯರು ಈ ಕೆಲಸವನ್ನು ಮಾಡಬಾರದು.

ಮೊಲವನ್ನು ಸಾಕುವವರು ಅದಕ್ಕೆ ನೀರಿನಲ್ಲಿ ಸ್ನಾನ ಮಾಡಿಸಲೇಬಾರದು. ಭೀತಿಯಿಂದಲೇ ಅದು ಸಾಯಬಹುದು. ಬಾಚುವುದು, ಉಗುರು ಕತ್ತರಿಸುವುದು ಸಾಕು. ಇನ್ನು ಗಿಳಿ, ನಕ್ಷತ್ರ ಆಮೆ ಮುಂತಾದ ನಮ್ಮ ನಾಡಿನ ವನ್ಯಜೀವಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾಗಿದೆ.

ಪ್ರಾಣಿಯನ್ನು ಒಗ್ಗಿಸುವುದು

ಮರಿಯಿದ್ದಾಗಲೇ ಪಾದ, ಕಿವಿ, ಬಾಯಿಗಳನ್ನು ಮುಟ್ಟಿಸಿಕೊಳ್ಳುವ ರೂಢಿ ಮಾಡಿಸಬೇಕು. ಮೊದಲ ದಿನ ಬ್ರಷ್ಷನ್ನು ಮೂಸಲು ಬಿಡಬೇಕು. ಮರುದಿನ ಎರಡು ಬಾರಿ ಸವರಿ ತಿನಿಸು ಕೊಡಬೇಕು. ಹೀಗೆ ದಿನಕ್ಕೆ ಐದು ನಿಮಿಷದಂತೆ ಮುಂದುವರಿಸಬೇಕು. ನಾಲ್ಕೂ ಕಾಲಿನ ಉಗುರುಗಳನ್ನು ಒಂದೇ ದಿನ ಕತ್ತರಿಸಲೇಬೇಕೆಂಬ ನಿಯಮವಿಲ್ಲ. ನಾಯಿ ಗುರುಗುಟ್ಟಿದರೆ ಹೊಡೆಯಬಾರದು. ಅದು ಕಚ್ಚುವ ಮುನ್ನ ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನು ಪೆಟ್ಟಿನಿಂದ ಅಡಗಿಸಿದರೆ ಮುಂದೆ ಅದು ಎಚ್ಚರಿಸದೆಯೇ ಕಚ್ಚುತ್ತದೆ. ಇದುವರೆಗೆ ಸುಮ್ಮನಿದ್ದ ಪ್ರಾಣಿ ಒಂದು ಜಾಗವನ್ನು ಮುಟ್ಟಿದಾಗ ಮಾತ್ರ ಸಿಡಿದರೆ ಅಲ್ಲಿ ನೋವಿದೆಯೆಂದು ತಿಳಿಯಬೇಕು. ಸಣ್ಣ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿ ಹೋಗಬಾರದು.

ಮನೆಮಂದಿಯ ಸುರಕ್ಷತೆ

ಪ್ರಾಣಿಯ ಮೈಯಲ್ಲಿ ದುಂಡಗೆ ಕೂದಲುದುರಿದ ಕಲೆಗಳಿದ್ದರೆ ಅದು ಹುಳುಕಡ್ಡಿಯಿರಬಹುದು. ಅದು ಮಕ್ಕಳಿಗೆ ಬೇಗನೆ ಅಂಟುತ್ತದೆ. ಕೆಲವು ಬಗೆಯ ಕಜ್ಜಿಯೂ ಅಂಟುವಂತಹುದು. ಆರೈಕೆಯ ಬಳಿಕ ಕೈತೊಳೆಯುವುದು, ಪ್ರಾಣಿಗೆ ಪ್ರತ್ಯೇಕ ಬಟ್ಟೆ, ಬಾಚಣಿಗೆಗಳನ್ನಿಡುವುದು, ಕಾಲಕಾಲಕ್ಕೆ ಜಂತುಹುಳುವಿನ ಔಷಧ ಕೊಡಿಸುವುದು ಕಡ್ಡಾಯವೆಂದು ಭಾವಿಸಬೇಕು.

ರೇಬಿಸ್ ರೋಗದ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಇದು ಹೆಚ್ಚುಕಡಿಮೆ ನಿಶ್ಚಿತವಾಗಿ ಮಾರಕ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆಯನ್ನೂ ಬಳಿಕ ವೈದ್ಯರು ಹೇಳಿದಂತೆ ಪ್ರತಿವರ್ಷ ಮರುಲಸಿಕೆಯನ್ನೂ ಹಾಕಿಸಬೇಕು. ಆರೈಕೆಯ ವೇಳೆ ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರು ಹಾಗೂ ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ‘ನಮ್ಮ ಮನೆಯದೇ ನಾಯಿ’ ಎಂದು ಸುಮ್ಮನಿರಬಾರದು. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬಾರದು. ನಾಯಿಯಿಂದ ಹರಡುವ ರೇಬಿಸನ್ನು 2030ರೊಳಗೆ ನಿರ್ಮೂಲಗೊಳಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಪ್ರತಿಯೊಂದು ಮನೆಯ ನಾಯಿಗೂ ಲಸಿಕೆಯಾಗದೆ ಆ ಗುರಿ ಈಡೇರದು.

ಕಾನೂನು ಮತ್ತು ನೆರೆಹೊರೆ

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯು ಪ್ರಾಣಿಯನ್ನು ತನ್ನ ಅಧೀನದಲ್ಲಿರಿಸಿಕೊಂಡ ಪ್ರತಿಯೊಬ್ಬರೂ ಅದರ ಯೋಗಕ್ಷೇಮವನ್ನು ನೋಡಿಕೊಳ್ಳತಕ್ಕದ್ದೆಂದು ವಿಧಿಸಿದೆ. ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಅದನ್ನು ತೊರೆಯುವುದು ಇದೇ ಕಾಯಿದೆಯಡಿ ಅಪರಾಧ. ಚರ್ಮರೋಗ ಹತ್ತಿ ಕೂದಲುದುರಿ ವಾಸನೆ ಬಂದ ಬಳಿಕ ನಾಯಿಗಳನ್ನು ರಸ್ತೆಯ ಬದಿಗೆ ಬಿಟ್ಟುಬರುವ ಪ್ರಸಂಗಗಳು ನಗರಗಳಲ್ಲಿ ನಡೆಯುತ್ತವೆ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ತಿಳಿಯದು. ಭಾರಿ ವಾಹನಗಳು ಹಗಲಿರುಳು ಓಡಾಡುವ ಘೋಡಬಂದರ್ ರಸ್ತೆಯಂತಹ ಹೆದ್ದಾರಿಯಲ್ಲಿ, ಚಿರತೆಗಳಿರುವ ಕಾಡಿನ ಅಂಚಿನಲ್ಲಿ ಹಾಗೆ ಬಿಟ್ಟ ನಾಯಿಯ ಗತಿಯನ್ನು ವಿವರಿಸಬೇಕಾಗಿಲ್ಲ. ಆರಂಭದ ಹಂತದಲ್ಲಿ ಒಂದು ತಿಂಗಳ ಆರೈಕೆಯಿಂದ ವಾಸಿಯಾಗಬಹುದಾಗಿದ್ದ ರೋಗ ಕೊನೆಗೆ ಆ ಪ್ರಾಣಿಯ ಮನೆಯನ್ನೇ ಕಳೆಯುತ್ತದೆ.

ವಸತಿ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಹಕ್ಕಿನ ಜೊತೆಗೆ ಹೊಣೆಯೂ ಇದೆ. ಬಾಲ್ಕನಿಯಲ್ಲಿ ಬಾಚಿ ಕೂದಲನ್ನು ಗಾಳಿಗೆ ಬಿಟ್ಟರೆ ಅದು ಕೆಳಮನೆಯ ಒಗೆದ ಬಟ್ಟೆಯ ಮೇಲೆ ಬೀಳುತ್ತದೆ. ಬಾಚಿದ ಕೂದಲನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು; ಸ್ನಾನದ ಮನೆಯ ಮೋರಿಗೆ ಜಾಲರಿ ಇಡಬೇಕು; ನಾಯಿಯನ್ನು ಹೊರಗೆ ಕರೆದೊಯ್ದಾಗ ಅದರ ಮಲವನ್ನು ತೆಗೆಯಬೇಕು. ಶುಚಿಯಾಗಿರುವ, ಲಸಿಕೆಯಾದ, ಮೈಮೇಲೆ ಉಣ್ಣಿಯಿಲ್ಲದ ನಾಯಿ ಲಿಫ್ಟಿನೊಳಗೆ ಬಂದಾಗ ನೆರೆಯವರ ಆಕ್ಷೇಪವೂ ಕಡಿಮೆಯಾಗುತ್ತದೆ.

ಯಾವಾಗ ವೈದ್ಯರ ಬಳಿಗೆ?

ಬಿಳಿಚಿದ ಅಥವಾ ಹಳದಿಯಾದ ವಸಡು, ಹೊಸ ಗಂಟು, ಹೆಣ್ಣುನಾಯಿಯ ಮೊಲೆಯಲ್ಲಿ ಗಡ್ಡೆ, ಹುಳು ಬಿದ್ದ ಗಾಯ, ಒಂದು ದಿನಕ್ಕೂ ಹೆಚ್ಚು ಕಾಲ ಆಹಾರ ಬಿಡುವುದು, ಮೂಗಿನಲ್ಲಿ ರಕ್ತ, ನಿಲ್ಲದ ತುರಿಕೆ ಇವುಗಳಲ್ಲಿ ಯಾವುದೇ ಒಂದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಕಾಯಿದೆಯನ್ವಯ ನೋಂದಾಯಿತರಾದ ಪಶುವೈದ್ಯರಿಂದಲೇ ಚಿಕಿತ್ಸೆ ಕೊಡಿಸಬೇಕು. ಈ ಪ್ರದೇಶಕ್ಕೆ ಸಮೀಪದ ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾದ ಬಾಂಬೆ ಪಶುವೈದ್ಯ ಕಾಲೇಜು ದೇಶದ ಹಳೆಯ ಪಶುವೈದ್ಯ ವಿದ್ಯಾಸಂಸ್ಥೆಗಳಲ್ಲೊಂದು.

ಇಷ್ಟೆಲ್ಲಕ್ಕೆ ಬೇಕಾಗುವ ಸಾಮಗ್ರಿ ಒಂದು ಬ್ರಷ್ಷು, ಒಂದು ಬಾಚಣಿಗೆ, ಉಗುರು ಕತ್ತರಿ, ಚಿಮುಟ, ಹತ್ತಿ ಹಾಗೂ ಎರಡು ಹಳೆಯ ಬಟ್ಟೆಗಳು. ಬೇಕಾಗುವ ಸಮಯ ದಿನಕ್ಕೆ ಹತ್ತು ನಿಮಿಷ. ಪ್ರತಿದಿನ ಮೈ ಸವರಿ ಉಣ್ಣಿ ನೋಡುವುದು, ವಾರಕ್ಕೊಮ್ಮೆ ಕಿವಿ ಪರೀಕ್ಷಿಸುವುದು, ತಿಂಗಳಿಗೊಮ್ಮೆ ಸ್ನಾನ ಮತ್ತು ಉಗುರು, ವರ್ಷಕ್ಕೊಮ್ಮೆ ಲಸಿಕೆ ಎಂಬ ಕ್ರಮವನ್ನು ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದು ತೂಗುಹಾಕಿದರೆ ಯಾವುದೂ ಮರೆಯದು. ದುಬಾರಿ ಆಹಾರ, ಬಣ್ಣದ ಕೊರಳಪಟ್ಟಿಗಳಿಗಿಂತ ಈ ಹತ್ತು ನಿಮಿಷವೇ ಪ್ರಾಣಿಗೆ ಹೆಚ್ಚಿನ ಆಯುಸ್ಸನ್ನು ಕೊಡುತ್ತದೆ. ಮಾತು ಬಾರದ ಜೀವದ ನೋವನ್ನು ಮೊದಲು ಅರಿಯಬಲ್ಲುದು ಅದನ್ನು ಸಾಕಿದವರ ಕೈ. ಆ ಕೈ ದಿನಕ್ಕೊಮ್ಮೆಯಾದರೂ ಅದರ ಮೈಮೇಲೆ ಆಡಲಿ.